ಇನ್ನೂರ ಹದಿನೇಳನೇ ನಂಬರಿನ ಬಂದೂಕು

ಡಚ್ಚರ ನಾಡಿನ ಆಮ್ಸ್ಟೆಲ್‌ವೀನಿನ ಆ ಸಾಲುಮನೆಗಳ ಬೀದಿಯಲ್ಲಿ ಹಗಲು ಹೊತ್ತಿನಲ್ಲೂ ಮುಂದಿನ ಕಿಟಕಿಗೆ ಪರದೆ ಎಳೆದಿರುತ್ತಿದ್ದದ್ದು ಒಂದೇ ಮನೆಗೆ. ಅದು ದಿವಾಕರನದು. ಉಳಿದವರೆಲ್ಲ ಆಳೆತ್ತರದ ಗಾಜಿನ ಹಿಂದೆ ಉಣ್ಣುವುದು, ಇಸ್ತ್ರಿ ಮಾಡುವುದು, ಜಗಳ ಆಡುವುದು ಎಲ್ಲವನ್ನೂ ಹಾದು ಹೋಗುವವರಿಗೆ ಪುಕ್ಕಟೆ ತೋರಿಸುವ ಜನ. ಮುಚ್ಚಿಡುವಂಥದ್ದು ಏನಿದೆ ಎನ್ನುವುದು ಅವರ ವಾದ. ದಿವಾಕರನಿಗೆ ಮುಚ್ಚಿಡುವಂಥದ್ದು ಇತ್ತು. ಅವನ ಹತ್ತಿರ ನಾಲ್ಕು ಬಂದೂಕುಗಳಿದ್ದವು.

ಗಾಬರಿ ಬೇಡ, ಆಟದ ಬಂದೂಕು. ಆದರೆ ಮಕ್ಕಳಿಗೆ ಕೊಡಿಸುವಂಥದ್ದಲ್ಲ. ಏರ್‌ಸಾಫ್ಟ್ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದ ಬಂದೂಕುಗಳ ತದ್ರೂಪು. ಅದೇ ಉದ್ದ, ಹೆಚ್ಚುಕಮ್ಮಿ ಅದೇ ತೂಕ, ಗುಂಡಿನ ಬದಲು ಮೆಣಸಿನ ಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ಗೋಲಿ. ಮೀಸೆ ಬಂದ ಗಂಡಸರು ಶನಿವಾರ ಕಾಡಿಗೆ ಹೋಗಿ ಇವನ್ನು ಹಿಡಿದು ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಸತ್ತವರು ಕೈ ಎತ್ತಿ ಕಾಫಿ ಕುಡಿಯಲು ಹೋಗುತ್ತಾರೆ. ದಿವಾಕರನಿಗೆ ಹೊಡೆಯುವುದರಲ್ಲಿ ಅಂಥ ಆಸೆ ಇರಲಿಲ್ಲ. ಅವನ ಹುಚ್ಚು ತಿದ್ದುವುದರಲ್ಲಿ. ಕಾರ್ಖಾನೆಯವರು ಬಳಿದ ಥಳಥಳ ವಾರ್ನಿಷ್ ಕೆರೆಯಬೇಕು, ಮರಕ್ಕೆ ಅಗಸೆ ಎಣ್ಣೆ ಕುಡಿಸಬೇಕು, ಹೊಸ ಕಬ್ಬಿಣಕ್ಕೆ ಎಪ್ಪತ್ತು ವರ್ಷದ ಸವಕಲು ಬರಿಸಬೇಕು. ಹಗಲೆಲ್ಲ ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನೌಕರಿ ಅವನದು. ಅಲ್ಲಿ ಏನು ತಿದ್ದಿದರೂ ಕೈಯಲ್ಲಿ ಹಿಡಿದು ನೋಡುವ ಹಾಗಿಲ್ಲ.

ಈ ಹವ್ಯಾಸಕ್ಕೆ ಆ ದೇಶದಲ್ಲಿ ಕಟ್ಟುನಿಟ್ಟು ಬಹಳ. ಸಂಘದ ಸದಸ್ಯನಾಗಬೇಕು, ನಡತೆ ಒಳ್ಳೆಯದೆಂದು ಸರ್ಕಾರದ ಪತ್ರ ತರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಂದೂಕು ಹೊರಗಿನವರ ಕಣ್ಣಿಗೆ ಬೀಳಕೂಡದು. ಹೊಸ ಸದಸ್ಯರಿಗೆ ಈ ನಿಯಮ ಒಪ್ಪಿಸುವ ಕೆಲಸವನ್ನು ಸಂಘದವರು ದಿವಾಕರನಿಗೇ ಕೊಟ್ಟಿದ್ದರು. ಮುಂದೆ ನಡೆದದ್ದನ್ನು ಕೇಳಿದವರು ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಕ್ಕರು. ನಗಲಿ. ಆ ಬೆಳಗ್ಗೆ ಅವನ ಜಾಗದಲ್ಲಿ ಅವರ್‍ಯಾರೂ ನಿಂತಿರಲಿಲ್ಲ.

ಹುಚ್ಚಿನ ಮೂಲ ಅವನ ಅಪ್ಪ ಈಶ್ವರಪ್ಪ. ಹಳೇ ಮೈಸೂರಿನ ಕಡೆಯ ಒಂದು ಜಿಲ್ಲೆ, ಹೆಸರು ಬೇಡ, ಅಲ್ಲಿಯ ಸಶಸ್ತ್ರ ಪೊಲೀಸರ ಶಸ್ತ್ರಾಗಾರದಲ್ಲಿ ಅವರು ಆರ್ಮರರ್ ಆಗಿದ್ದವರು. ಬಂದೂಕು ಕೊಡುವುದು, ವಾಪಸ್ಸು ಪಡೆಯುವುದು, ಒರೆಸುವುದು, ರಿಪೇರಿ ಮಾಡುವುದು. ಮೂವತ್ತೈದು ವರ್ಷ ಬಂದೂಕಿನ ನಡುವೆ ಇದ್ದೂ ಯಾರ ಮೇಲೂ ಒಂದು ಗುಂಡು ಹಾರಿಸಿದವರಲ್ಲ. ಭಾನುವಾರ ಮನೆಯಲ್ಲಿ ಅಪ್ಪ ಮಗನ ಪರೇಡು. ಆರು ವರ್ಷದ ದಿವಾಕರ ಬೆತ್ತದ ಮೋಡಾ ಪೀಠದ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗುವನು, ‘ಸಾವಧಾನ್!’ ಛತ್ರಿಯನ್ನು ಬಂದೂಕಿನಂತೆ ಹಿಡಿದ ಅಪ್ಪ ಸೆಟೆದು ನಿಲ್ಲುವರು. ‘ಭೂಮಿ ಶಸ್ತ್ರ!’ ಛತ್ರಿ ನೆಲಕ್ಕೆ. ಎಷ್ಟೋ ಸಲ ಆಮೇಲೆ ಸಡಿಲ ನಿಲ್ಲಲು ‘ವಿಶ್ರಾಮ್’ ಹೇಳುವುದನ್ನು ಮರೆತು ಹುಡುಗ ಆಡಲು ಓಡಿಬಿಡುವನು. ಅಮ್ಮ ಲೀಲಮ್ಮ ಬಂದು ಬೈಯುವ ತನಕ ಅಪ್ಪ ಹಾಗೇ ನಿಂತಿರುವರು, ನಗು ತಡೆದುಕೊಂಡು. ನಡುವೆ ಒಂದು ವರ್ಷ ಈ ಆಟ ನಿಂತಿತ್ತು. ಅಪ್ಪ ಟ್ರೈನಿಂಗಿಗೆ ಹೋಗಿದ್ದಾರೆಂದು ಹೇಳಿ ಅಮ್ಮ ಅವನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಳು. ಮರಳಿ ಬಂದ ಮೇಲೆ ಅವನು ಹೇಳಿದರೆ ಅಪ್ಪ ಪರೇಡಿಗೆ ನಿಲ್ಲುತ್ತಿದ್ದರು, ಆದರೆ ನಗುತ್ತಿರಲಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾದ ಮೇಲೆ, ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, ಈಶ್ವರಪ್ಪ ಮೂರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದರು. ತಿಂಗಳು ತುಂಬುವುದರೊಳಗೆ ಕೊರೊನಾ ಬಂದು ವಿಮಾನಗಳೆಲ್ಲ ನೆಲ ಹಿಡಿದವು. ಎಪ್ಪತ್ತನಾಲ್ಕು ವರ್ಷದ, ಸಕ್ಕರೆ ಕಾಯಿಲೆಯ ಮನುಷ್ಯ ಗುರುತಿಲ್ಲದ ಊರಿನ ಕಿರಿದಾದ ಮನೆಯಲ್ಲಿ ಸಿಕ್ಕಿಕೊಂಡರು. ದಿವಾಕರ ಊಟದ ಮೇಜಿನಲ್ಲಿ ಆಫೀಸು ಮಾಡುವನು, ಹೆಂಡತಿ ಮೈಥಿಲಿ ಮಲಗುವ ಕೋಣೆಯಲ್ಲಿ, ಒಂಬತ್ತು ವರ್ಷದ ಮಗಳು ಹಿತಾ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಶಾಲೆ ಕಲಿಯುವಳು. ಬಂದೂಕಿನ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಅಸಲಿಯ ಜೊತೆ ಬಾಳಿದವರ ಮುಂದೆ ನಕಲಿ ಇಡಲು ದಿವಾಕರನಿಗೆ ನಾಚಿಕೆ. ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿ ಮೇಲೆ ಕಂಬಳಿ ಹೊದಿಸಿದ್ದ.

ಏಪ್ರಿಲ್‌ನಲ್ಲಿ ಒಂದು ದಿನ ಈಶ್ವರಪ್ಪ ಸಂಡಿಗೆ ಒಣಗಿಸಲು ಬಿಸಿಲು ಬೀಳುವ ಜಾಗ ಹುಡುಕುತ್ತ ಅಟ್ಟ ಹತ್ತಿದರು. ಸ್ವಲ್ಪ ಹೊತ್ತಿಗೆ ಕರೆದ ದನಿ ಕೇಳಿ ದಿವಾಕರ ಮೀಟಿಂಗು ಬಿಟ್ಟು ಓಡಿದ. ಅಪ್ಪ ನೆಲದ ಮೇಲೆ ಕೂತುಬಿಟ್ಟಿದ್ದರು. ಮುಂದೆ ಕಂಬಳಿ ಸರಿದು ಹಳೆಯ ತ್ರೀ ನಾಟ್ ತ್ರೀ ಪೊಲೀಸ್ ಬಂದೂಕು. ಮುಖ ಬೂದಿಯಂತಾಗಿತ್ತು.

“ಯಾರ್ದೋ ಇದು? ನಿನ್ಹತ್ರ ಹೆಂಗ್ ಬಂತು?” ಎಂದರು.

“ಅಪ್ಪಾ, ಡುಪ್ಲಿಕೇಟ್ ಅದು. ಆಟದ್ದು.”

ಈಶ್ವರಪ್ಪ ನಂಬಲಿಲ್ಲ. ಕೈಗೆ ತೆಗೆದುಕೊಂಡು, ಕುದುರೆಯ ಪಕ್ಕದ ಬೋಲ್ಟು ಎಳೆದು ಒಳಗೆ ಬೆರಳು ಹಾಕಿ ನೋಡಿದರು. ಒಳಗೆ ಸ್ಪ್ರಿಂಗು, ಪ್ಲಾಸ್ಟಿಕ್ಕು. ಇದ್ದಲ್ಲೇ ಇಟ್ಟು ಕೆಳಗೆ ಹೋದರು. ಎರಡು ದಿನ ಮಗನ ಜೊತೆ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ಮುರಿಯುತ್ತ, ತಟ್ಟೆಯಿಂದ ತಲೆ ಎತ್ತದೆ ಅಂದರು: “ಬಂದೂಕಿನ ಬೆಲ್ಟು ಉಲ್ಟಾ ಹಾಕಿದೀಯ.”

ಅಲ್ಲಿಂದ ಆರು ತಿಂಗಳು ಆ ಮನೆಯ ಅಟ್ಟ ಶಸ್ತ್ರಾಗಾರವಾಯಿತು. ಅಪ್ಪ ಹೇಳಿದ್ದನ್ನೆಲ್ಲ ಮಗ ಮಾಡಿದ. ಕಾಪೆಲ್ಲೆ ಎಂಬ ಊರಿನ ಒಬ್ಬ ಮುದುಕನಿಂದ ಹಳೆಯ ವಾಲ್‌ನಟ್ ಮರದ ಹಿಡಿ ತರಿಸಿ ಕೂರಿಸಿದರು. ಪೊಲೀಸರ ಭುಜಕ್ಕೆ ಉಜ್ಜಿ ಎಲ್ಲಿ ಸವೆಯುತ್ತದೆ, ಬೆವರು ಯಾವ ಜಾಗದಲ್ಲಿ ಕಪ್ಪು ಹಿಡಿಯುತ್ತದೆ ಎಂಬುದನ್ನು ಅಪ್ಪ ಕಣ್ಣು ಮುಚ್ಚಿ ಹೇಳುತ್ತಿದ್ದರು. ಜೊತೆಗೆ ಒಂದು ಕಾನೂನು ತಂದರು. ಹಿತಾಳ ಹಳೆಯ ನೋಟ್‌ಬುಕ್ಕನ್ನು ರಿಜಿಸ್ಟರ್ ಮಾಡಿ ಅಟ್ಟದ ಬಾಗಿಲಿಗೆ ತೂಗುಹಾಕಿದರು. ಬಂದೂಕು ಮುಟ್ಟಿದವರು ಸೈನ್ ಹಾಕಬೇಕು, ಇಟ್ಟಾಗ ಮತ್ತೆ ಹಾಕಬೇಕು.

“ಮನೇಲೇ ಇದೀವಲ್ಲ ಅಪ್ಪಾ.”

“ಸೈನ್ ಇಲ್ದೆ ಒಂದು ಸ್ಕ್ರೂನೂ ನನ್ ಕೈ ದಾಟಲ್ಲ,” ಎಂದರು ಈಶ್ವರಪ್ಪ. ಮುದುಕರ ಚಾಳಿ ಎಂದುಕೊಂಡು ದಿವಾಕರ ಸೈನ್ ಹಾಕಿದ. ಹಿತಾ ಸೈನ್ ಜೊತೆಗೆ ನಗುವ ಮುಖವನ್ನೂ ಬರೆದಳು.

ಬಂದೂಕಿನ ಹಿಡಿಗೆ ಹಿತ್ತಾಳೆಯ ಬಿಲ್ಲೆ ಕೂರಿಸುವ ದಿನ ಅಪ್ಪ ಮೊಳೆ, ಸುತ್ತಿಗೆ ತರಿಸಿದರು. ಪ್ರತಿ ಬಂದೂಕಿಗೂ ಒಂದು ನಂಬರು ಇರುತ್ತದಂತೆ, ನಂಬರಿಲ್ಲದ್ದು ಅನಾಥ. ಯಾವ ನಂಬರ್ ಹಾಕೋಣ ಎಂದು ದಿವಾಕರ ಕೇಳಿದ. ಈಶ್ವರಪ್ಪ ಬಿಲ್ಲೆಯನ್ನು ಪಂಚೆಯ ಅಂಚಿನಿಂದ ಎಷ್ಟೋ ಹೊತ್ತು ಒರೆಸುತ್ತ ಕೂತರು. ಆಮೇಲೆ “ಇನ್ನೂರ ಹದಿನೇಳು” ಎಂದು, ಚುಕ್ಕಿ ಚುಕ್ಕಿಯಾಗಿ ತಾವೇ ಕೊರೆದರು. ಯಾಕೆ ಎಂದು ದಿವಾಕರ ಕೇಳಲಿಲ್ಲ. ಕೇಳಬೇಕಿತ್ತು.

ಅಕ್ಟೋಬರ್ ಇಪ್ಪತ್ತೈದು, ಭಾನುವಾರ, ಆಯುಧ ಪೂಜೆ. ಮನೆಗೆ ದಿನಕ್ಕೆ ಮೂರು ಜನಕ್ಕಿಂತ ಹೆಚ್ಚು ಕರೆಯುವಂತಿರಲಿಲ್ಲ, ಹಾಗಾಗಿ ಯಾರನ್ನೂ ಕರೆದಿರಲಿಲ್ಲ. ಹಬ್ಬದ ಕೊಳೆ ತೆಗೆಯುವ ಸಂಭ್ರಮದಲ್ಲಿ ಮೈಥಿಲಿ ಹಿಂದಿನ ದಿನ ಮನೆಯ ಪರದೆಗಳನ್ನೆಲ್ಲ ಒಗೆದು ಮೇಲಿನ ಕೋಣೆಯಲ್ಲಿ ಹರವಿದ್ದಳು. ಆ ದೇಶದ ತೇವಕ್ಕೆ ಅವು ಒಣಗಿರಲಿಲ್ಲ. ಈಶ್ವರಪ್ಪನವರಿಗೆ ಪೂಜೆಗೆ ಕೂತವರು ಪೂರ್ವಕ್ಕೆ ಮುಖ ಮಾಡಬೇಕು, ಶಸ್ತ್ರಗಳು ಎದುರಿಗಿರಬೇಕು. ಆ ಮನೆಗೆ ಪೂರ್ವ ಎಂದರೆ ಬೀದಿಯ ಕಡೆಯ ದೊಡ್ಡ ಕಿಟಕಿ. ಬೇರೆ ಮನೆಯವರು ಹೂಕುಂಡ, ಪಿಂಗಾಣಿ ಬಾತುಕೋಳಿ ಇಡುವ ಕಿಟಕಿಯ ಹಲಗೆಗೆ ಇವರು ನಾಲ್ಕು ಬಂದೂಕು ಒರಗಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು.

“ರೀ, ಪರದೆ ಇಲ್ವಲ್ಲ,” ಎಂದಳು ಮೈಥಿಲಿ.

“ಹತ್ತು ನಿಮಿಷದ ಕೆಲಸ ಕಣೆ. ಭಾನುವಾರ ಬೆಳಗ್ಗೆ ಯಾರ್ ನೋಡ್ತಾರೆ,” ಎಂದ ದಿವಾಕರ. ನೂರು ಜನಕ್ಕೆ ನಿಯಮ ಕಲಿಸಿದವನ ಬಾಯಲ್ಲಿ ಬಂದ ಮಾತು ಇದು.

ಯಾರೋ ನೋಡಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಾಯಿ ಸುತ್ತಾಡಿಸಲು ಹೊರಟವರೋ, ಎದುರುಮನೆಯವರೋ. ವರ್ಷಗಟ್ಟಲೆ ಪರದೆ ಎಳೆದಿದ್ದ ಮನೆಯೊಳಗೆ ಬಂದೂಕುಗಳ ಸಾಲು, ಅದರ ಮುಂದೆ ಹಣೆತುಂಬ ಬೂದಿ ಬಳಿದುಕೊಂಡ ಇಬ್ಬರು ಗಂಡಸರು. ಫೋನು ಮಾಡಿದವರನ್ನು ದೂರುವಂತಿಲ್ಲ.

ಶಸ್ತ್ರಾಗಾರದ ಪದ್ಧತಿಯಂತೆ ಮಂಗಳಾರತಿ ಆದ ಮೇಲೆ ಒಂದು ಬಂದೂಕನ್ನು ಹೊಸ್ತಿಲಿಗೆ ತಂದು ಅದರ ಮುಂದೆ ಕುಂಬಳಕಾಯಿ ಒಡೆಯಬೇಕು. ಈಶ್ವರಪ್ಪ ನೋಟ್‌ಬುಕ್ಕಿನಲ್ಲಿ ಸೈನ್ ಹಾಕಿ ಇನ್ನೂರ ಹದಿನೇಳನ್ನು ಎತ್ತಿಕೊಂಡರು. ಬಿಳಿ ಪಂಚೆ, ಬಿಳಿ ಅಂಗಿ, ಎದೆಗೆ ಅಡ್ಡ ಹಿಡಿದ ಬಂದೂಕು. ದಿವಾಕರ ಬಾಗಿಲು ತೆಗೆದು, ಒಳಗೆ ಕುಂಕುಮ ತುಂಬಿದ ಕುಂಬಳಕಾಯಿಯನ್ನು ಮೂರು ಸುತ್ತು ಇಳಿತೆಗೆದು ಕಲ್ಲಿನ ಮೇಲೆ ಕುಕ್ಕಿದ. ಕೆಂಪು ನೀರು ಕಾಲುದಾರಿಯ ತನಕ ಚಿಮ್ಮಿತು.

ತಲೆ ಎತ್ತಿದರೆ ಎದುರಿಗೆ ಪೊಲೀಸರು.

ಸೈರನ್ ಇಲ್ಲ, ಸದ್ದಿಲ್ಲ. ಎರಡು ಕಾರು ರಸ್ತೆಗೆ ಅಡ್ಡ ನಿಂತಿದ್ದವು. ತೆರೆದ ಬಾಗಿಲುಗಳ ಹಿಂದೆ ನಾಲ್ಕು ಜನ, ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ, ನಾಲ್ಕೂ ಪಿಸ್ತೂಲು ಅಪ್ಪನ ಎದೆಯ ಕಡೆಗೆ. ಇವು ಅಸಲಿ. ಅಷ್ಟು ವರ್ಷ ನಕಲಿ ತಿದ್ದಿದ ಕಣ್ಣಿಗೆ ಅದೊಂದು ಥಟ್ಟನೆ ತಿಳಿಯಿತು. ದಿವಾಕರನ ಕೈಗಳು ತಾವಾಗಿಯೇ ಮೇಲೆ ಹೋದವು. ಬಂದೂಕು ಕೆಳಗೆ ಹಾಕಲು ಅವರು ಡಚ್ಚಿನಲ್ಲಿ ಕೂಗಿದರು, ಆಮೇಲೆ ಇಂಗ್ಲಿಷಿನಲ್ಲಿ ಕೂಗಿದರು.

“ಅಪ್ಪಾ, ಕೆಳಗಿಡಿ. ಮೆಲ್ಲಗೆ ಕೆಳಗಿಡಿ,” ಎಂದ.

ಈಶ್ವರಪ್ಪ ಪಿಸ್ತೂಲುಗಳನ್ನು ನೋಡಲಿಲ್ಲ, ಸಮವಸ್ತ್ರಗಳನ್ನು ನೋಡಿದರು. ಬಂದೂಕನ್ನು ಇನ್ನೂ ಬಿಗಿಯಾಗಿ ಎದೆಗೆ ಅವುಚಿಕೊಂಡರು.

“ಇಸ್ಕೊಂಡ್ ಹೋಗಕ್ ಬಂದಿದಾರಾ? ಸೈನ್ ಮಾಡಕ್ ಹೇಳು ಮೊದ್ಲು,” ಎಂದರು.

“ಅಪ್ಪಾ, ಹೊಡೆದುಬಿಡ್ತಾರೆ.”

“ಹೊಡೀಲಿ. ಸೈನ್ ಇಲ್ದೆ ಇದನ್ನ ಕೊಡಲ್ಲ. ಇನ್ನೊಂದ್ಸಲ ಕೊಡಲ್ಲ.”

ಶಾಂತವಾಗಿ ಹೇಳಿದರು. ಇನ್ನೊಂದು ಸಲ ಎಂದರೆ ಏನು, ಮೊದಲನೇ ಸಲ ಯಾವಾಗ, ದಿವಾಕರನಿಗೆ ಒಂದೂ ಅರ್ಥವಾಗಲಿಲ್ಲ. ಅದು ಆಟದ್ದು ಎಂದು ಅವನು ಡಚ್ಚಿನಲ್ಲಿ ಅರಚಿದ. ಆರು ತಿಂಗಳು ಕೂತು ಅದು ಆಟದ್ದು ಎಂದು ಯಾರಿಗೂ ತಿಳಿಯದ ಹಾಗೆ ಮಾಡಿದ್ದವನೂ ಅವನೇ. ಯಾರು ನಂಬುತ್ತಾರೆ. ಎಡಗಡೆಯ ಎತ್ತರದ ಪೊಲೀಸಮ್ಮ ಒಂದು ಹೆಜ್ಜೆ ಮುಂದೆ ಬಂದು ಕೊನೆಯ ಸಲ ಎಂದಳು. ಅಪ್ಪನ ಬೆರಳು ಅಭ್ಯಾಸಬಲದಿಂದ ಕುದುರೆಯ ಹತ್ತಿರವೇ ಇತ್ತು.

ಆಗ ದಿವಾಕರನ ಹೊಟ್ಟೆಯೊಳಗಿನಿಂದ, ಅವನು ಯೋಚಿಸಿದ್ದಲ್ಲ, ಮೋಡಾದ ಮೇಲೆ ನಿಂತ ಆ ಹುಡುಗನ ದನಿ ಬಂತು.

“ಸಾವಧಾನ್!”

ಈಶ್ವರಪ್ಪನ ಹಿಮ್ಮಡಿಗಳು ಕೂಡಿಕೊಂಡವು. ಬಂದೂಕು ಎದೆಯಿಂದ ಇಳಿದು ಬಲಗಾಲಿನ ಪಕ್ಕಕ್ಕೆ ಬಂತು.

“ಭೂಮಿ... ಶಸ್ತ್ರ!”

ಎಪ್ಪತ್ತನಾಲ್ಕು ವರ್ಷದ ಮಂಡಿ ಬಗ್ಗಿತು. ಬಂದೂಕನ್ನು ಕುಂಬಳಕಾಯಿಯ ಹೋಳುಗಳ ಪಕ್ಕದಲ್ಲಿ, ಬೋಲ್ಟು ಮೇಲಾಗಿ, ಅಳತೆ ಹಿಡಿದ ಹಾಗೆ ಮಲಗಿಸಿ ಅವರು ಎದ್ದು ಸೆಟೆದು ನಿಂತರು. ಅಷ್ಟೇ ಸಾಕಿತ್ತು. ಪೊಲೀಸರು ನುಗ್ಗಿ ಇಬ್ಬರನ್ನೂ ಮುಖಡಿಯಾಗಿ ಮಲಗಿಸಿ ಕೈಗೆ ಬೇಡಿ ತೊಡಿಸಿದರು. ದಿವಾಕರನ ಕೆನ್ನೆ ಕಲ್ಲಿಗೆ ಒತ್ತಿತ್ತು. ಒಂದು ಮೊಳ ದೂರದಲ್ಲಿ ಅಪ್ಪನ ಮುಖ, ವಿಭೂತಿಗೆ ಕೆಂಪು ನೀರು ಮೆತ್ತಿಕೊಂಡು. ಕಣ್ಣು ತೆರೆದೇ ಇದ್ದವು.

ಬಾಗಿಲಲ್ಲಿ ಹಿತಾ ಡಚ್ಚಿನಲ್ಲಿ ಪೊಲೀಸರಿಗೆ ಒಂದೇ ಸಮ ಹೇಳುತ್ತಿದ್ದಳು: ಇದು ಹಬ್ಬ, ಇದು ಹಬ್ಬ, ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ. ಮೈಥಿಲಿ ಅವಳನ್ನು ಹಿಂದಕ್ಕೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಸಂಘದ ಕಾರ್ಡು ತೋರಿಸುತ್ತಿದ್ದಳು.

ಸರಿಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಪೊಲೀಸಮ್ಮ ಬೋಲ್ಟು ಎಳೆದು, ಏಪ್ರಿಲ್‌ನಲ್ಲಿ ಈಶ್ವರಪ್ಪ ಮಾಡಿದ ಹಾಗೆಯೇ ಒಳಗೆ ಬೆರಳು ಹಾಕಿ ಸ್ಪ್ರಿಂಗು ಮುಟ್ಟಿ, ಸಹೋದ್ಯೋಗಿಯ ಮುಖ ನೋಡಿದಳು. ಬೇಡಿ ಬಿಚ್ಚಿದರು. ಮಾಸ್ಕ್ ಹಾಕಿಕೊಂಡು ಒಳಗೆ ಬಂದು ಕೂತರು. ಪೊಲೀಸಮ್ಮ ದಿವಾಕರನ ಕಡೆ ತಿರುಗಿದಳು. “ಇನ್ನೆರಡು ಸೆಕೆಂಡ್ ಆಗಿದ್ದರೆ ನಾನು ಹೊಡೆಯುತ್ತಿದ್ದೆ. ಇದನ್ನು ನಿಮ್ಮ ತಂದೆಗೆ ಹೇಳಿ,” ಎಂದಳು. ದಿವಾಕರ ಹೇಳಲಿಲ್ಲ. ನಿಯಮ ಮುರಿದದ್ದಕ್ಕೆ ನಾಲ್ಕನ್ನೂ ತನಿಖೆಗೆ ಒಯ್ಯುತ್ತೇವೆ, ಸದಸ್ಯತ್ವದ ವಿಷಯ ಸಂಘಕ್ಕೆ ಬರೆಯುತ್ತೇವೆ ಎಂದು ವಿವರಿಸಿದಳು.

ಈಶ್ವರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. “ರಸೀದಿ ಕೇಳು,” ಎಂದರು.

ಕೇಳುವುದೇನೂ ಬೇಕಿರಲಿಲ್ಲ, ಅವರ ಪದ್ಧತಿಯಲ್ಲೂ ರಸೀದಿ ಇತ್ತು. ಅವಳು ಬರೆದಳು. ಈಶ್ವರಪ್ಪ ಕನ್ನಡಕ ಹಾಕಿಕೊಂಡು ಓದಿ, ಭಾಷೆ ಬಾರದಿದ್ದರೂ ನಂಬರು ಬಿಟ್ಟುಹೋಗಿದೆ ಎಂದು ಕಂಡುಹಿಡಿದು, ಬಿಲ್ಲೆಯ ಮೇಲೆ ಬೆರಳಿಟ್ಟು ಅವಳಿಗೆ ತೋರಿಸಿದರು. ಅವಳು ಬಗ್ಗಿ ನೋಡಿ ರಸೀದಿಯಲ್ಲಿ 217 ಎಂದು ಸೇರಿಸಿದಳು. ಕೆಳಗೆ ಸಹಿ ಹಾಕಿದಳು. ಈಶ್ವರಪ್ಪ ಎದ್ದು ಸಲ್ಯೂಟ್ ಹೊಡೆದರು. ಅವಳು ಕಕ್ಕಾಬಿಕ್ಕಿಯಾಗಿ ನಿಂತು, ಆಮೇಲೆ ತಾನೂ ಕೈ ಎತ್ತಿದಳು.

ಅವರು ಹೋದ ಮೇಲೆ ಮೈಥಿಲಿ ಮಾವನ ಮುಂದೆ ಕಾಫಿ ಇಟ್ಟು, “ಮಾವ, ಜೀವಕ್ಕಿಂತ ಹೆಚ್ಚಾ ಒಂದು ಸೈನು?” ಎಂದು ಅತ್ತುಬಿಟ್ಟಳು. ಆಗ ಹೇಳಿದರು ಈಶ್ವರಪ್ಪ, ಮೂವತ್ತಾರು ವರ್ಷ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳದಿದ್ದದ್ದನ್ನು.

ಎಂಬತ್ತನಾಲ್ಕರಲ್ಲಿ ಒಂದು ನಸುಕು. ಊರಲ್ಲಿ ಗಲಾಟೆ. ಸಾಹೇಬರೊಬ್ಬರು ಓಡಿಬಂದು ಬೇಗ ಒಂದು ಬಂದೂಕು ಕೊಡು, ಸೈನ್ ಆಮೇಲೆ ಮಾಡ್ತೀನಿ ಎಂದರು. ಇವರು ಕೊಟ್ಟರು. ಇನ್ನೂರ ಹದಿನೇಳನೇ ನಂಬರು. ಅದು ವಾಪಸ್ಸು ಬರಲಿಲ್ಲ. ಸಾಹೇಬರು ತಾವು ತೆಗೆದುಕೊಂಡೇ ಇಲ್ಲ ಎಂದರು. ರಿಜಿಸ್ಟರಿನಲ್ಲಿ ಸಹಿ ಇರಲಿಲ್ಲ. ಈಶ್ವರಪ್ಪ ಬಂದೂಕು ಮಾರಿಕೊಂಡ ಎಂದಾಯಿತು. ಹದಿಮೂರು ತಿಂಗಳು ಸಸ್ಪೆಂಡು. ವಿಚಾರಣೆಯಲ್ಲಿ ಏನೂ ಸಾಬೀತಾಗದೆ ಮತ್ತೆ ಕೆಲಸಕ್ಕೆ ತೆಗೆದುಕೊಂಡರು, ಆದರೆ ಮಾರಲಿಲ್ಲ ಎಂದು ಯಾರೂ ಬರೆದು ಕೊಡಲಿಲ್ಲ.

ದಿವಾಕರನಿಗೆ ಸಿಡಿಲು ಬಡಿದ ಹಾಗಾಯಿತು. ಬೆಳಗಿನ ಪಿಸ್ತೂಲುಗಳಿಗಿಂತ ಇದು ಜೋರಾಗಿ ಬಡಿಯಿತು. ಅಜ್ಜಿಯ ಮನೆಯ ಆ ವರ್ಷ. ಟ್ರೈನಿಂಗು. ನಗದೇ ಹೋದ ಅಪ್ಪ. ಅಂಥ ಮನುಷ್ಯನ ಮುಂದೆ ಅವನು ಕಂಬಳಿಯಡಿ ಬಂದೂಕು ಮುಚ್ಚಿಟ್ಟಿದ್ದ. ಅಟ್ಟದಲ್ಲಿ ಬೂದಿಯಾದ ಆ ಮುಖ ಏನನ್ನು ಕಂಡಿತ್ತು ಎಂಬುದು ಈಗ ತಿಳಿಯಿತು. ಮಗ ಕದ್ದ ಮಾಲು ಇಟ್ಟುಕೊಂಡಿದ್ದಾನೆ ಎಂದು ಅವರು ಅಂದುಕೊಂಡಿದ್ದರು.

“ನಂಗ್ಯಾಕ್ ಹೇಳ್ಲಿಲ್ಲ ಅಪ್ಪಾ?”

“ನೀನು ನಂಗೆ ಆರ್ಡರ್ ಕೊಡೋನು. ನಿನ್ ಮುಂದೆ ಹೆಂಗ್ ಹೇಳ್ಲಿ,” ಎಂದರು ಈಶ್ವರಪ್ಪ.

ಡಿಸೆಂಬರಿನಲ್ಲಿ ಅವರು ಊರಿಗೆ ಹೊರಟರು. ಪಾಸ್‌ಪೋರ್ಟಿನೊಳಗೆ ಆ ರಸೀದಿ ಮಡಚಿ ಇಟ್ಟುಕೊಂಡಿದ್ದರು. ಮಾರ್ಚಿನಲ್ಲಿ ದಿವಾಕರನಿಗೆ ಕಾಗದ ಬಂತು. ಮೂರು ಬಂದೂಕು ಮರಳಿಸುತ್ತೇವೆ. ಬಾಗಿಲಾಚೆ ತಂದಿದ್ದ ನಾಲ್ಕನೆಯದನ್ನು ನಿಯಮದಂತೆ ನಾಶ ಮಾಡಲಾಗಿದೆ. ಅವನು ಕಾಗದ ಹಿಡಿದು ಅಟ್ಟದಲ್ಲಿ ಎಷ್ಟೋ ಹೊತ್ತು ಕೂತ. ಅಪ್ಪನ ಬೆರಳ ಗುರುತು ಇದ್ದ ಮರ, ಅವರು ಚುಕ್ಕಿ ಚುಕ್ಕಿಯಾಗಿ ಕೊರೆದ ಬಿಲ್ಲೆ, ಎಲ್ಲ ಯಾವುದೋ ಯಂತ್ರದ ಬಾಯಿಗೆ ಹೋಗಿತ್ತು. ಎರಡನೇ ಸಲವೂ ಅದು ಕಳೆದುಹೋಯಿತು, ಈ ಸಲ ಕಳೆದವನು ತಾನು. ಅಪ್ಪನಿಗೆ ಹೇಳದಿದ್ದರೆ ಹೇಗೆ ಎಂದೂ ಯೋಚಿಸಿದ. ಆ ಮನೆಯಲ್ಲಿ ಮುಚ್ಚಿಟ್ಟಿದ್ದು ಸಾಕು ಎಂದು ಫೋನು ಮಾಡಿದ.

“ಅಪ್ಪಾ, ಇನ್ನೂರ ಹದಿನೇಳನ್ನ ಪುಡಿ ಮಾಡ್ಬಿಟ್ರಂತೆ.”

ಆ ಕಡೆ ಕಾಗದ ಬಿಚ್ಚಿದ ಸದ್ದು ಕೇಳಿಸಿತು.

“ಸೈನ್ ಇದೆಯಲ್ಲ ನನ್ಹತ್ರ,” ಎಂದರು ಈಶ್ವರಪ್ಪ. “ಅವ್ರು ತಗೊಂಡಿದ್ದು ಅಂತ ಬರ್ದಿದೆ. ಪುಡಿ ಮಾಡ್ಲಿ, ಏನಾದ್ರೂ ಮಾಡ್ಲಿ. ಹೋಗ್ಲಿ ಬಿಡೋ.” ಆಮೇಲೆ ದನಿ ಬದಲಾಯಿತು. “ಅವತ್ತು ಭೂಮಿ ಶಸ್ತ್ರ ಅಂದು ಅಲ್ಲಿಗೇ ಬಿಟ್ಟೆ ನೋಡು. ಯಾವಾಗ್ಲೂ ಅಷ್ಟೇ ನೀನು, ಚಿಕ್ಕೋನಿದ್ದಾಗಿಂದ.”

ಏನು ಬಿಟ್ಟೆ ಎಂದು ದಿವಾಕರನಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದದ್ದೇ ಅಟ್ಟದ ನಡುವೆ ಎದ್ದು ನಿಂತ.

“ವಿಶ್ರಾಮ್,” ಎಂದ.

ಆ ಕಡೆಯಿಂದ ಅಪ್ಪ ನಕ್ಕದ್ದು ಕೇಳಿಸಿತು.